ಗುಳೆ ಹೋಗುವ ಮನೆಯ ಮಗು ಎಲ್ಲಿ ಓದಬೇಕು? ನಾಲ್ಕು ದಾರಿಗಳನ್ನು ಹೋಲಿಸಿ ನೋಡೋಣ

ದಸರಾ ರಜೆ ಮುಗಿದು ಶಾಲೆ ತೆರೆದ ದಿನ ಹಾಜರಿ ಕೂಗಿದರೆ ಕೆಲವು ಹೆಸರುಗಳಿಗೆ ಉತ್ತರವೇ ಬರುವುದಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ, ವಿಜಯಪುರದ ಎಷ್ಟೋ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ ಪ್ರತಿ ವರ್ಷ ಇದೇ ಕಥೆ. ಬೆಳೆ ಕೈಗೆ ಬರಲಿ ಬಿಡಲಿ, ಮೇಸ್ತ್ರಿಯ ಹತ್ತಿರ ಮುಂಗಡ ತೆಗೆದುಕೊಂಡಾಗಿರುತ್ತದೆ. ಒಂದು ರಾತ್ರಿ ಗಾಡಿ ಬರುತ್ತದೆ. ಪಾತ್ರೆ, ಹಾಸಿಗೆ, ಜೋಳದ ಚೀಲದ ಜೊತೆ ಮಕ್ಕಳೂ ಹತ್ತುತ್ತಾರೆ. ಬೆಂಗಳೂರಿನ ಕಟ್ಟಡ ಕೆಲಸ, ಬೆಳಗಾವಿ ಬಾಗಲಕೋಟೆ ಕಡೆಯ ಕಬ್ಬು, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟ, ಇಟ್ಟಿಗೆ ಭಟ್ಟಿ, ಗಡಿ ದಾಟಿದರೆ ಮಹಾರಾಷ್ಟ್ರ, ಗೋವಾ. ವಾಪಸ್ ಬರುವುದು ಯುಗಾದಿ ಹೊತ್ತಿಗೆ. ಅಷ್ಟರಲ್ಲಿ ಪರೀಕ್ಷೆ ಹತ್ತಿರ ಬಂದಿರುತ್ತದೆ, ಇಲ್ಲವೇ ಮುಗಿದೇ ಹೋಗಿರುತ್ತದೆ.

ಇಂಥ ಮಕ್ಕಳನ್ನು ಶಾಲೆಗೆ ಸೇರಿಸುವ ಕೆಲಸದಲ್ಲಿ ನಾನು ಹಲವು ವರ್ಷಗಳಿಂದ ಇದ್ದೇನೆ. "ಅಕ್ಕಾ, ಮಗೂನ ಕರ್ಕೊಂಡು ಹೋಗೋದಾ, ಬಿಟ್ಟು ಹೋಗೋದಾ?" ಎಂದು ಕೇಳುವ ತಾಯಂದಿರಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಮಗುವಿನ ವಯಸ್ಸು, ತರಗತಿ, ಊರಲ್ಲಿ ಯಾರಿದ್ದಾರೆ, ಕೆಲಸ ಎಷ್ಟು ತಿಂಗಳದ್ದು ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಆದರೆ ಒಂದು ಮಾತನ್ನು ಎಲ್ಲರಿಗೂ ಹೇಳುತ್ತೇನೆ. ಈ ನಿರ್ಧಾರ ಗಾಡಿ ಬಂದ ರಾತ್ರಿ ಆಗಬಾರದು. ಜೂನ್‌ನಲ್ಲಿ, ಶಾಲೆ ಶುರುವಾದಾಗಲೇ ಆಗಬೇಕು. ಹಾಸ್ಟೆಲ್, ವಸತಿ ಶಾಲೆಯ ಬಾಗಿಲು ದಸರಾ ಹೊತ್ತಿಗೆ ಮುಚ್ಚಿರುತ್ತದೆ.

ದಾರಿಗಳು ಇವು: ಊರಲ್ಲೇ ಅಜ್ಜಿ ತಾತನ ಹತ್ತಿರ ಬಿಡುವುದು, ಹಾಸ್ಟೆಲ್ ಅಥವಾ ವಸತಿ ಶಾಲೆಗೆ ಸೇರಿಸುವುದು, ಜೊತೆಗೆ ಕರೆದುಕೊಂಡು ಹೋಗಿ ಅಲ್ಲಿನ ಸರ್ಕಾರಿ ಶಾಲೆಗೆ ಹಾಕುವುದು, ಕೆಲಸದ ಜಾಗದ ಟೆಂಟ್ ಶಾಲೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡಿ

ಇದು ಗೊತ್ತಿದ್ದರೆ ಶಾಲೆಯ ಬಾಗಿಲಲ್ಲಿ ನಿಂತಾಗ ಧೈರ್ಯ ಬರುತ್ತದೆ. 2002ರಲ್ಲಿ ಸಂವಿಧಾನಕ್ಕೆ 86ನೇ ತಿದ್ದುಪಡಿಯಾಗಿ 21ಎ ವಿಧಿ ಸೇರಿತು. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದನ್ನು ಜಾರಿಗೆ ತರಲು ಬಂದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ. ಎಲ್ಲರೂ ಆರ್‌ಟಿಇ ಅನ್ನುತ್ತಾರಲ್ಲ, ಅದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರ್‌ಟಿಇ ಅಂದರೆ ಖಾಸಗಿ ಶಾಲೆಯ ಶೇಕಡ 25 ಸೀಟು ಅಂತಲೇ ಬಹಳ ಜನ ತಿಳಿದಿದ್ದಾರೆ. ಒಂದೇ ಊರಲ್ಲಿ ನಿಲ್ಲದ ಕುಟುಂಬಗಳಿಗೆ ಅದಕ್ಕಿಂತ ಮುಖ್ಯವಾದ ಮಾತುಗಳು ಆ ಕಾಯ್ದೆಯಲ್ಲಿ ಬೇರೆಯೇ ಇವೆ.

5ನೇ ಸೆಕ್ಷನ್ ನೋಡಿ. ಮಗು ಯಾವ ಕಾರಣಕ್ಕೇ ಶಾಲೆ ಬದಲಾಯಿಸಬೇಕಾಗಿ ಬಂದರೂ, ರಾಜ್ಯದ ಒಳಗಾಗಲಿ ಹೊರಗಾಗಲಿ, ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಕೇಳುವ ಹಕ್ಕು ಇದೆ. ಹಳೆಯ ಶಾಲೆಯ ಮುಖ್ಯ ಶಿಕ್ಷಕರು ಟಿಸಿಯನ್ನು ಕೂಡಲೇ ಕೊಡಬೇಕು. ತಡ ಮಾಡಿದರೆ ಅವರ ಮೇಲೆ ಶಿಸ್ತು ಕ್ರಮಕ್ಕೂ ಅವಕಾಶ ಇದೆ. ಎಲ್ಲಕ್ಕಿಂತ ಮುಖ್ಯ ಏನೆಂದರೆ, ಟಿಸಿ ಬರುವುದು ತಡವಾಯಿತು ಎಂದು ಹೊಸ ಶಾಲೆ ಮಗುವನ್ನು ಕಾಯಿಸುವಂತಿಲ್ಲ, ವಾಪಸ್ ಕಳಿಸುವಂತಿಲ್ಲ. ಮೊದಲು ತರಗತಿಯಲ್ಲಿ ಕೂರಿಸಬೇಕು, ಕಾಗದ ಆಮೇಲೆ ಬರಲಿ.

ವಯಸ್ಸಿನ ದಾಖಲೆ ಇಲ್ಲ ಎಂದೂ ಸೇರಿಸಿಕೊಳ್ಳದೆ ಇರುವಂತಿಲ್ಲ. ಅದು 14ನೇ ಸೆಕ್ಷನ್. ಶಾಲೆ ಶುರುವಾಗಿ ತಿಂಗಳುಗಳಾದವು, ಪ್ರವೇಶ ಮುಗಿಯಿತು ಅನ್ನುವಂತಿಲ್ಲ. ಅದು 15ನೇ ಸೆಕ್ಷನ್. ನವೆಂಬರ್‌ನಲ್ಲಿ ಹೋದರೂ ಸೇರಿಸಿಕೊಳ್ಳಬೇಕು. ಶಾಲೆ ಬಿಟ್ಟಿದ್ದ ಮಗುವಾದರೆ ವಯಸ್ಸಿಗೆ ತಕ್ಕ ತರಗತಿಗೇ ಹಾಕಿ, ಹಿಂದೆ ಬಿದ್ದದ್ದನ್ನು ತುಂಬಲು ವಿಶೇಷ ತರಬೇತಿ ಕೊಡಬೇಕು ಎನ್ನುತ್ತದೆ 4ನೇ ಸೆಕ್ಷನ್. ಹತ್ತು ವರ್ಷದ ಮಗುವನ್ನು ಒಂದನೇ ತರಗತಿಯ ಪುಟಾಣಿಗಳ ಜೊತೆ ಕೂರಿಸಿ ನಾಚಿಕೆಪಡಿಸಬೇಕಾಗಿಲ್ಲ. ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಆಡಳಿತದ ಕರ್ತವ್ಯ ಎಂದು 9ನೇ ಸೆಕ್ಷನ್‌ನಲ್ಲಿ ಬಿಡಿಸಿ ಬರೆದಿದ್ದಾರೆ. ಬೇರೆ ಯಾವ ಮಾತು ಮರೆತರೂ ಈ ಒಂದನ್ನು ನೆನಪಿಡಿ. ನೀವು ಶಾಲೆಗೆ ಹೋಗಿ ಬೇಡುತ್ತಿಲ್ಲ. ಸೇರಿಸಿಕೊಳ್ಳುವುದು ಅವರ ಕೆಲಸ.

ಆಧಾರ್ ವಿಷಯವೂ ಹಾಗೇ. 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದು ಹೇಳಿದೆ. ಇದ್ದರೆ ಕೊಡಿ, ಕೆಲಸ ಬೇಗ ಆಗುತ್ತದೆ. ಇಲ್ಲದಿದ್ದರೆ ಅದೇ ಕಾರಣಕ್ಕೆ ಮಗು ಹೊರಗೆ ನಿಲ್ಲಬೇಕಾಗಿಲ್ಲ.

ಇನ್ನೊಂದು ಮಾತು. ಈ ಹಕ್ಕುಗಳೆಲ್ಲ 8ನೇ ತರಗತಿಯವರೆಗಿನ ಓದಿಗೆ. 9 ಮತ್ತು 10ನೇ ತರಗತಿಗೆ ಆರ್‌ಟಿಇಯ ಈ ಬಲ ಇಲ್ಲ. ಆ ಮಕ್ಕಳ ವಿಷಯದಲ್ಲಿ ನಾನು ಯಾಕೆ ಅಷ್ಟು ಹೆದರುತ್ತೇನೆ ಎಂದು ಕೊನೆಗೆ ಹೇಳುತ್ತೇನೆ.

ಊರಲ್ಲೇ ಬಿಟ್ಟು ಹೋಗುವುದು

ಎಲ್ಲಕ್ಕಿಂತ ಸುಲಭ ಅನ್ನಿಸುವ ದಾರಿ ಇದು. ಶಾಲೆ ಅದೇ, ಟೀಚರ್ ಅವರೇ, ಗೆಳೆಯರು ಅವರೇ. ಭಾಷೆ ಬದಲಾಗುವುದಿಲ್ಲ, ಕಾಗದದ ತಂಟೆ ಇಲ್ಲ. ಮಧ್ಯಾಹ್ನ ಅಕ್ಷರ ದಾಸೋಹದ ಬಿಸಿಯೂಟ, ಕ್ಷೀರಭಾಗ್ಯದ ಹಾಲು ಹೇಗೂ ಇದೆ. ಓದಿನ ಲೆಕ್ಕ ಒಂದನ್ನೇ ನೋಡಿದರೆ ಇದಕ್ಕಿಂತ ಒಳ್ಳೆಯದು ಇಲ್ಲ.

ಆದರೆ ಮಗು ಅಂದರೆ ಓದು ಒಂದೇ ಅಲ್ಲ, ಅಲ್ವಾ? ಅಜ್ಜಿಗೆ ಕಣ್ಣು ಕಾಣದಿದ್ದರೆ, ತಾತ ಹಾಸಿಗೆ ಹಿಡಿದಿದ್ದರೆ ಯಾರು ಯಾರನ್ನು ನೋಡಿಕೊಳ್ಳುತ್ತಾರೆ? ಮಗುವನ್ನು ಅಜ್ಜಿ ಹತ್ತಿರ ಬಿಟ್ಟೆವು ಎಂದು ಅಪ್ಪ ಅಮ್ಮ ಅಂದುಕೊಂಡಿರುತ್ತಾರೆ. ನಿಜವಾಗಿ ಅಜ್ಜಿಯನ್ನು ಮಗುವಿನ ಹತ್ತಿರ ಬಿಟ್ಟಿರುತ್ತಾರೆ. ಒಬ್ಬ ಹುಡುಗಿ ನನಗೆ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ನೀರು ತಂದು, ರೊಟ್ಟಿ ಬಡದು, ಆಯಿಗೆ ಗುಳಿಗಿ ಕೊಟ್ಟು ಸಾಲಿಗೆ ಹೋಗೂದ್ರಾಗ ಪ್ರಾರ್ಥನಾ ಮುಗಿದಿರ್ತದ್ರೀ ಅಕ್ಕಾರ." ಆಕೆಗೆ ಆಗ ಹನ್ನೊಂದು ವರ್ಷ. ಹಾಜರಿ ಪುಸ್ತಕದಲ್ಲಿ ಆಕೆ ಇದ್ದಳು. ತರಗತಿಯಲ್ಲಿ ಕೂತು ಕಲಿಯುವಷ್ಟು ಶಕ್ತಿ ಉಳಿದಿರಲಿಲ್ಲ.

ಹಾಗಾಗಿ ಈ ದಾರಿ ಆರಿಸುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ. ರಾತ್ರಿ ಮಗುವಿಗೆ ಜ್ವರ ಬಂದರೆ ಎದ್ದು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಗಟ್ಟಿ ದೊಡ್ಡವರು ಮನೆಯಲ್ಲಿ ಇದ್ದಾರಾ? ಇದ್ದರೆ ಬಿಡಿ. ಇಲ್ಲದಿದ್ದರೆ ಬೇಡ. ಹೆಣ್ಣು ಮಗು ಆದರೆ ಇನ್ನೂ ಒಂದು ಯೋಚನೆ ಜಾಸ್ತಿ ಮಾಡಿ. ಒಂಟಿಯಾಗಿ ಬಿಟ್ಟ ಹುಡುಗಿಗೆ ಬೇಗ ಮದುವೆ ಮಾಡಿಬಿಡೋಣ ಎನ್ನುವ ಮಾತು ಮನೆಯಲ್ಲಿ ಏಳುವುದು ಇದೇ ಸಮಯದಲ್ಲಿ. ಬಿಟ್ಟು ಹೋಗುವುದಾದರೆ ಕ್ಲಾಸ್ ಟೀಚರ್‌ಗೆ ಹೇಳಿ ಹೋಗಿ, ನಿಮ್ಮ ಫೋನ್ ನಂಬರ್ ಕೊಡಿ. ಪಕ್ಕದ ಮನೆಯ ಒಬ್ಬರ ಹೆಸರನ್ನೂ ಹೇಳಿ. ಮಗು ಎರಡು ದಿನ ಬಾರದಿದ್ದರೆ ಟೀಚರ್ ಯಾರಿಗೆ ಫೋನ್ ಮಾಡಬೇಕು ಎನ್ನುವುದು ಅವರಿಗೆ ಗೊತ್ತಿರಬೇಕು.

ಹಾಸ್ಟೆಲ್ ಮತ್ತು ವಸತಿ ಶಾಲೆ

ಇದರಲ್ಲೇ ಮೂರ್ನಾಲ್ಕು ಬಗೆ ಇದೆ. ಜನ ಎಲ್ಲವನ್ನೂ ಹಾಸ್ಟೆಲ್ ಅಂತಲೇ ಕರೆಯುತ್ತಾರೆ, ಹಾಗಾಗಿ ಗೊಂದಲ.

ಮೊದಲನೆಯದು ಋತುಮಾನದ ಹಾಸ್ಟೆಲ್. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇದಕ್ಕೆ ಅವಕಾಶ ಇದೆ. ಗುಳೆಯ ತಿಂಗಳುಗಳಲ್ಲಿ ಮಾತ್ರ ನಡೆಯುತ್ತದೆ, ಎಷ್ಟೋ ಕಡೆ ಊರಿನ ಶಾಲೆಯಲ್ಲೇ. ಮಗು ಹಗಲು ತನ್ನ ತರಗತಿಯಲ್ಲಿ ಕೂರುತ್ತದೆ, ರಾತ್ರಿ ಅಲ್ಲೇ ಊಟ, ಅಲ್ಲೇ ಮಲಗುವುದು. ಅಪ್ಪ ಅಮ್ಮ ಬಂದ ಮೇಲೆ ಮನೆಗೆ. ನನಗೆ ತುಂಬಾ ಇಷ್ಟವಾದ ವ್ಯವಸ್ಥೆ ಇದು. ಮಗುವಿನ ಬೇರು ಅಲುಗುವುದಿಲ್ಲ, ಅಜ್ಜಿ ಮೇಲೂ ಭಾರ ಇಲ್ಲ. ತೊಂದರೆ ಏನೆಂದರೆ ಇದು ಎಲ್ಲ ಊರಲ್ಲಿ ಇರುವುದಿಲ್ಲ. ಎಷ್ಟು ಮಕ್ಕಳು ಗುಳೆ ಹೋಗುತ್ತಾರೆ ಎಂಬ ಪಟ್ಟಿ ಮೇಲಕ್ಕೆ ಹೋದರೆ ಮಾತ್ರ ಮಂಜೂರಾತಿ, ಹಣ. ಆ ಪಟ್ಟಿ ದಸರಾ ಕಳೆದು ಹೋದರೆ ಹಾಸ್ಟೆಲ್ ತೆರೆಯುವಷ್ಟರಲ್ಲಿ ಸಂಕ್ರಾಂತಿ ಬಂದಿರುತ್ತದೆ. ಅದಕ್ಕೇ ಜೂನ್‌ನಲ್ಲೇ ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಸಭೆಯಲ್ಲಿ ಹೆಸರು ಬರೆಸಿ ಎನ್ನುತ್ತೇನೆ. ಒಬ್ಬರು ಕೇಳಿದರೆ ಅದು ಅವರ ಮನೆಯ ಕಷ್ಟ. ಇಪ್ಪತ್ತು ಮನೆಯವರು ಸಹಿ ಹಾಕಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟರೆ ಅದು ಅರ್ಜಿ.

ಎರಡನೆಯದು ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ. 2004ರಲ್ಲಿ ಶುರುವಾದ ಯೋಜನೆ. ಶಿಕ್ಷಣದಲ್ಲಿ ಹಿಂದುಳಿದ ತಾಲ್ಲೂಕುಗಳಲ್ಲಿ 6ರಿಂದ 8ನೇ ತರಗತಿಯ ಹೆಣ್ಣು ಮಕ್ಕಳಿಗೆ. ಸೀಟುಗಳಲ್ಲಿ ಶೇಕಡ 75 ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ಹುಡುಗಿಯರಿಗೆ, ಉಳಿದದ್ದು ಬಡತನ ರೇಖೆಗಿಂತ ಕೆಳಗಿನ ಮನೆಯವರಿಗೆ. ಶಾಲೆ ಬಿಟ್ಟ ಹುಡುಗಿಯರನ್ನು ಮತ್ತೆ ಓದಿಗೆ ತರುವುದೇ ಇದರ ಉದ್ದೇಶ. ಗುಳೆಯಿಂದ ಓದು ತುಂಡಾದ ಹುಡುಗಿ ಮನೆಯಲ್ಲಿದ್ದರೆ ಮೊದಲು ಇಲ್ಲಿ ವಿಚಾರಿಸಿ.

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಬೇರೆ. ಅಲ್ಲಿ 6ರಿಂದ 10ರವರೆಗೆ ಓದು, ವಸತಿ, ಊಟ ಎಲ್ಲ ಉಚಿತ. ಐದು ವರ್ಷ ನೆಮ್ಮದಿ. ಆದರೆ 5ನೇ ತರಗತಿಯಲ್ಲಿರುವಾಗಲೇ ಪ್ರವೇಶ ಪರೀಕ್ಷೆ ಬರೆಯಬೇಕು. ಪರೀಕ್ಷೆಯ ತಿಂಗಳಲ್ಲಿ ಮಗು ಕಬ್ಬಿನ ಗದ್ದೆಯ ಪಕ್ಕದ ಜೋಪಡಿಯಲ್ಲಿದ್ದರೆ ಅವಕಾಶ ಹೋಯಿತು. ಮನೆಯಲ್ಲಿ 5ನೇ ತರಗತಿಯ ಮಗು ಇದ್ದರೆ ಆ ವರ್ಷವಾದರೂ ಅದು ಊರಲ್ಲಿ ಇರುವ ಹಾಗೆ ಮಾಡಿ. ಆ ಒಂದು ವರ್ಷದ ಕಷ್ಟ ಐದು ವರ್ಷವನ್ನು ಉಳಿಸುತ್ತದೆ.

ಇವಲ್ಲದೆ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ಪೂರ್ವ ಹಾಸ್ಟೆಲ್‌ಗಳಿವೆ. ಅವುಗಳಿಗೆ ಅರ್ಜಿ ಕರೆಯುವುದು ಶಾಲೆ ಶುರುವಾಗುವ ಹೊತ್ತಿಗೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು, ಅವನ್ನು ಸ್ವಂತ ಊರಿನ ನಾಡಕಚೇರಿಯಲ್ಲಿ ಮಾಡಿಸಬೇಕು. ಬೆಂಗಳೂರಿನ ಶೆಡ್‌ನಲ್ಲಿ ಕೂತು ಮಾಡಿಸುವ ಕೆಲಸ ಅಲ್ಲ ಅದು. ಬೇಸಿಗೆಯಲ್ಲಿ ಊರಲ್ಲಿದ್ದಾಗಲೇ ಮುಗಿಸಿಕೊಳ್ಳಿ.

ಹಾಸ್ಟೆಲ್ ಯಾರಿಗೆ ಬೇಡ? ಏಳೆಂಟು ವರ್ಷದ ಮಕ್ಕಳನ್ನು ದೂರದ ಹಾಸ್ಟೆಲ್‌ಗೆ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಬೇರೆ ದಾರಿಯೇ ಇಲ್ಲದಾಗ ಬೇರೆ ಮಾತು. ಆ ವಯಸ್ಸಿನ ಮಗುವಿಗೆ ಜೋಪಡಿಯಾದರೂ ಸರಿ, ಅಮ್ಮನ ಪಕ್ಕ ಮಲಗುವುದು ಬೇಕು. ಸೇರಿಸುವ ಮೊದಲು ಒಂದು ಸಲ ಹೋಗಿ ನೋಡಿ. ಬಚ್ಚಲಿಗೆ ಚಿಲಕ ಇದೆಯಾ, ರಾತ್ರಿ ಹಾಸ್ಟೆಲ್‌ನಲ್ಲಿ ಯಾರು ಇರುತ್ತಾರೆ, ಮಗು ವಾರಕ್ಕೊಮ್ಮೆ ಮನೆಗೆ ಫೋನ್ ಮಾಡಬಹುದಾ ಎಂದು ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವ ವಾರ್ಡನ್ ಇದ್ದರೆ ಅದೂ ಒಂದು ಉತ್ತರವೇ.

ಜೊತೆಗೆ ಕರೆದುಕೊಂಡು ಹೋಗಿ ಅಲ್ಲಿನ ಶಾಲೆಗೆ

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಯಾಕೆಂದರೆ ಮಗುವನ್ನು ಕರೆದುಕೊಂಡು ಹೋಗುವವರು ಬಹಳ, ಅಲ್ಲಿ ಶಾಲೆಗೆ ಸೇರಿಸುವವರು ಕಡಿಮೆ. "ನಾಲ್ಕು ತಿಂಗಳಿಗೆ ಯಾಕೆ ಸೇರಿಸೋದು" ಎನ್ನುತ್ತಾರೆ. ನಾಲ್ಕು ತಿಂಗಳು ಅಂದರೆ ಶಾಲೆಯ ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ. ಮೂರು ವರ್ಷ ಹೀಗೇ ಹೋದರೆ ಒಂದು ವರ್ಷಕ್ಕಿಂತ ಜಾಸ್ತಿ ಓದು ಹೋದ ಹಾಗೆ. ಹಾಗೆ ಖಾಲಿ ಕೂತ ಮಗು ಸುಮ್ನೆ ಕೂತಿರುವುದಿಲ್ಲ. ಇಟ್ಟಿಗೆ ತಿರುವಿ ಹಾಕುತ್ತದೆ, ತಮ್ಮನನ್ನು ಎತ್ತಿಕೊಳ್ಳುತ್ತದೆ, ಕಬ್ಬಿನ ತುದಿ ಕಟ್ಟುತ್ತದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವ ದುಡಿಮೆಗೂ ಇಟ್ಟುಕೊಳ್ಳುವಂತಿಲ್ಲ. ಸೈಟ್‌ನಲ್ಲಿ ಅದನ್ನು ಯಾರೂ ಕೆಲಸ ಅಂತ ಕರೆಯುವುದಿಲ್ಲ, ಅಷ್ಟೇ.

ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಈ ದಾರಿ ತುಂಬಾ ಚೆನ್ನಾಗಿ ಒಗ್ಗುತ್ತದೆ. ಅದಕ್ಕೆ ಕಾರಣ ನಲಿಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಮೊಳೆತ ಈ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಅದರಲ್ಲಿ ಪಾಠ ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ. ಪ್ರತಿ ಮಗು ತನ್ನ ಮೆಟ್ಟಿಲಿನಿಂದ ಮುಂದೆ ಹತ್ತುತ್ತದೆ. ದೇವದುರ್ಗದ ಮಗು ಬೆಂಗಳೂರಿನ ಶಾಲೆಗೆ ಬಂದರೂ ಅದೇ ಕಾರ್ಡು, ಅದೇ ಚಿತ್ರ. ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಹಿಡಿಯಬಹುದು. ಹೊರಡುವಾಗ ಹಳೆಯ ಟೀಚರ್ ಹತ್ತಿರ "ನಮ್ಮ ಮಗು ಯಾವ ಮೆಟ್ಟಿಲಲ್ಲಿದೆ, ಒಂದು ಚೀಟಿಯಲ್ಲಿ ಬರೆದುಕೊಡಿ" ಎಂದು ಕೇಳಿ. ಹೊಸ ಟೀಚರ್‌ಗೆ ಆ ಚೀಟಿ ಟಿಸಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ರಾಜ್ಯದ ಒಳಗೇ ಆದರೆ ಇನ್ನೊಂದು ಅನುಕೂಲ ಇದೆ. ಪ್ರತಿ ಮಗುವಿಗೂ ಶಾಲಾ ದಾಖಲೆಯ ಎಸ್‌ಎಟಿಎಸ್ ನಂಬರ್ ಇರುತ್ತದೆ. ಅದು ಗೊತ್ತಿದ್ದರೆ ಹೊಸ ಶಾಲೆಯವರು ಕಂಪ್ಯೂಟರ್‌ನಲ್ಲೇ ಮಗುವಿನ ದಾಖಲೆ ಹುಡುಕಬಹುದು. ರಾಜ್ಯ ದಾಟಿದರೆ ಪೆನ್ ಎನ್ನುವ ದೇಶದ ಮಟ್ಟದ ನಂಬರ್ ಕೆಲಸಕ್ಕೆ ಬರುತ್ತದೆ. ಎರಡನ್ನೂ ಬರೆಸಿಕೊಂಡು ಹೋಗಿ. ಕಾಗದ ಮಳೆಯಲ್ಲಿ ನೆನೆಯುತ್ತದೆ, ಶೆಡ್‌ಗೆ ಬೆಂಕಿ ಬಿದ್ದರೆ ಸುಟ್ಟೂ ಹೋಗುತ್ತದೆ. ಫೋನ್‌ನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡು, ಊರಲ್ಲಿರುವ ಒಬ್ಬರಿಗೂ ಕಳಿಸಿಡಿ.

ಭಾಷೆಯದ್ದು ದೊಡ್ಡ ಪ್ರಶ್ನೆ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ, ಸಾಂಗಲಿ ಜಿಲ್ಲೆಯ ಜತ್ತ ಕಡೆ ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಗಳಿವೆ. ಅಲ್ಲಿಗೆ ಹೋಗುವವರು ಮುಕಾದಮನನ್ನು (ಕಬ್ಬಿನ ಕೆಲಸದ ಮೇಸ್ತ್ರಿ) ಕೇಳುವುದಕ್ಕಿಂತ ಅಲ್ಲಿನ ಕನ್ನಡ ಶಾಲೆ ಎಲ್ಲಿದೆ ಎಂದು ಊರ ಜನರನ್ನೇ ಕೇಳುವುದು ಒಳ್ಳೆಯದು. ಇನ್ನೂ ದೂರ ಹೋದರೆ ಮರಾಠಿಯೇ ಗತಿ. ಸಣ್ಣ ಮಕ್ಕಳು ಎರಡು ಮೂರು ತಿಂಗಳಲ್ಲಿ ಹೊಸ ಭಾಷೆ ಮಾತಾಡಲು ಕಲಿಯುತ್ತಾರೆ. ಆದರೆ 6, 7ನೇ ತರಗತಿಯ ಮಗುವಿಗೆ ವಿಜ್ಞಾನ, ಗಣಿತವನ್ನು ಗೊತ್ತಿಲ್ಲದ ಭಾಷೆಯಲ್ಲಿ ಕಲಿಯುವುದು ಬೇರೆ ಮಾತು. ಹಾಗಿರುವಾಗ ದೊಡ್ಡ ಮಗುವಿಗೆ ಊರು ಅಥವಾ ಹಾಸ್ಟೆಲ್, ಸಣ್ಣದಕ್ಕೆ ಅಲ್ಲಿನ ಶಾಲೆ ಎಂದು ಬೇರೆ ಬೇರೆ ನಿರ್ಧಾರ ಮಾಡಿದರೆ ತಪ್ಪಿಲ್ಲ. ಒಂದೇ ಮನೆಯ ಮಕ್ಕಳಿಗೆಲ್ಲ ಒಂದೇ ದಾರಿ ಇರಬೇಕು ಅಂತ ಏನೂ ಇಲ್ಲ.

ನಮ್ಮ ರಾಜ್ಯಕ್ಕೇ ಬರುವ ಮಕ್ಕಳನ್ನೂ ಇಲ್ಲಿ ನೆನೆಯಬೇಕು. ಅಸ್ಸಾಂ, ಬಿಹಾರ, ಒಡಿಶಾದಿಂದ ಬಂದು ಕಾಫಿ ತೋಟಗಳಲ್ಲಿ, ಬೆಂಗಳೂರಿನ ಅಂಚಿನಲ್ಲಿ ಇರುವ ಕುಟುಂಬಗಳ ಮಕ್ಕಳಿಗೂ ಇವೇ ಹಕ್ಕುಗಳು ಇವೆ. ನಿಮ್ಮ ಬೀದಿಯ ಕಟ್ಟಡದಲ್ಲಿ ಅಂಥ ಮಗು ಕಂಡರೆ ಪಕ್ಕದ ಸರ್ಕಾರಿ ಶಾಲೆಗೆ ಕೈ ಹಿಡಿದು ಕರೆದುಕೊಂಡು ಹೋಗಿ. ಭಾಷೆ ಗೊತ್ತಿಲ್ಲದ ತಾಯಿಗೆ ಆ ಗೇಟು ದಾಟುವುದೇ ದೊಡ್ಡ ಕೆಲಸ.

ಈ ದಾರಿಯಲ್ಲಿ ಅಡ್ಡ ಬರುವುದು ಬಹಳ ಸಲ ಶಾಲೆ ಅಲ್ಲ, ಕೈಗೂಸು. ಅಮ್ಮ ಗಾರೆ ಹೊರಲು ಹೋದರೆ ಪಾಪುವನ್ನು ನೋಡಿಕೊಳ್ಳಲು ಅಕ್ಕ ಉಳಿಯುತ್ತಾಳೆ. ಕಾರ್ಮಿಕ ಕಾನೂನಿನ ಪ್ರಕಾರ 50ಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಜಾಗದಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಲೇಬೇಕು. ಅಷ್ಟು ದೊಡ್ಡ ಸೈಟ್ ಅಲ್ಲದಿದ್ದರೆ ಹತ್ತಿರದ ಅಂಗನವಾಡಿ ಹುಡುಕಿ. ಪುಟ್ಟದಕ್ಕೆ ಜಾಗ ಸಿಕ್ಕಿದ ದಿನವೇ ದೊಡ್ಡ ಹುಡುಗಿಯ ಶಾಲೆ ಶುರುವಾಗುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ.

ಟೆಂಟ್ ಶಾಲೆ

ಕೆಲಸದ ಜಾಗದಲ್ಲೇ, ಜೋಪಡಿಗಳ ನಡುವೆ ನಡೆಯುವ ಶಾಲೆ ಇದು. ಕೆಲವು ಸರ್ಕಾರದ ನೆರವಿನಿಂದ, ಕೆಲವು ಸಂಘ ಸಂಸ್ಥೆಗಳಿಂದ. ರಸ್ತೆ ದಾಟುವ ಭಯ ಇಲ್ಲ, ಅಮ್ಮ ಕಣ್ಣಳತೆಯಲ್ಲಿ ಇರುತ್ತಾಳೆ, ಎಲ್ಲರೂ ನಮ್ಮಂಥವರೇ ಎನ್ನುವ ಧೈರ್ಯ. ಯಾವತ್ತೂ ಶಾಲೆ ನೋಡದ ಮಗುವಿಗೆ ಮೊದಲ ಹೆಜ್ಜೆಯಾಗಿ ಇದು ಒಳ್ಳೆಯದು. ಒಳ್ಳೆಯ ಟೀಚರ್ ಸಿಕ್ಕಿದ ಟೆಂಟ್ ಶಾಲೆಯಲ್ಲಿ ಮಕ್ಕಳು ಅಕ್ಷರ ಕಲಿಯುವ ವೇಗ ನೋಡಿದರೆ ಸಂತೋಷವಾಗುತ್ತದೆ.

ಆದರೆ ನಡೆದು ಹೋಗುವ ದೂರದಲ್ಲಿ ಸರ್ಕಾರಿ ಶಾಲೆ ಇದ್ದರೆ ಅದನ್ನೇ ಆರಿಸಿ. ಟೆಂಟ್ ಶಾಲೆಯಲ್ಲಿ ಎಲ್ಲ ತರಗತಿಯವರೂ ಒಟ್ಟಿಗೆ ಕೂರುತ್ತಾರೆ. ಕೆಲಸ ಮುಗಿದರೆ ಶಾಲೆಯೂ ಎದ್ದು ಹೋಗುತ್ತದೆ. ಸೇರಿಸುವ ಮುನ್ನ ಒಂದು ಪ್ರಶ್ನೆ ಕೇಳಲೇಬೇಕು: ಮಗುವಿನ ಹೆಸರು ಯಾವುದಾದರೂ ಸರ್ಕಾರಿ ಶಾಲೆಯ ದಾಖಲೆಯಲ್ಲಿ ಇರುತ್ತದಾ? ಇಲ್ಲ ಎಂದರೆ ಅಲ್ಲಿ ಕಲಿತದ್ದು ಮಗುವಿಗೆ ಗೊತ್ತಿರುತ್ತದೆ, ಊರಿನ ಶಾಲೆಗೆ ಗೊತ್ತಾಗುವುದಿಲ್ಲ.

ತರಗತಿ ನೋಡಿ ಆರಿಸುವುದಾದರೆ

ನನ್ನ ಲೆಕ್ಕ ಹೀಗಿದೆ. 1ರಿಂದ 3ನೇ ತರಗತಿಯ ಮಗು ಅಪ್ಪ ಅಮ್ಮನ ಜೊತೆ ಹೋಗಲಿ, ಅಲ್ಲಿನ ಶಾಲೆಗೆ ಸೇರಲಿ. 4, 5ರಲ್ಲಿ ಊರಲ್ಲಿ ಗಟ್ಟಿ ಆಸರೆ ಅಥವಾ ಋತುಮಾನದ ಹಾಸ್ಟೆಲ್ ಇದ್ದರೆ ಊರೇ ಒಳ್ಳೆಯದು, ಇಲ್ಲದಿದ್ದರೆ ಜೊತೆಗೆ. 6ರಿಂದ ಮುಂದಕ್ಕೆ ವಸತಿ ಶಾಲೆ ಸಿಕ್ಕರೆ ಬಿಡಬೇಡಿ.

9 ಮತ್ತು 10ನೇ ತರಗತಿಯ ಮಗುವನ್ನು ಮಾತ್ರ ದಯವಿಟ್ಟು ಅಲುಗಿಸಬೇಡಿ. ಆರ್‌ಟಿಇಯ ಆಸರೆ ಆ ಹೊತ್ತಿಗೆ ಹಿಂದೆ ಉಳಿದಿರುತ್ತದೆ. ಎಸ್ಸೆಸ್ಸೆಲ್ಸಿಗೆ ಶೇಕಡ 75 ಹಾಜರಾತಿ ಬೇಕು. ಪರೀಕ್ಷೆಗೆ ನೋಂದಣಿ ಆಗುವುದು ವರ್ಷದ ನಡುವೆ, ಓದುತ್ತಿರುವ ಶಾಲೆಯಿಂದಲೇ. ಸರಿಯಾಗಿ ಗುಳೆಯ ಸಮಯ ಅದು. ಹತ್ತನೇ ತರಗತಿಯ ಹುಡುಗ ಎಂದರೆ ಮೇಸ್ತ್ರಿಗೆ ಇನ್ನೊಂದು ಜೋಡಿ ಕೈ ಹಾಗೆ ಕಾಣುತ್ತಾನೆ, ಮುಂಗಡವೂ ಸ್ವಲ್ಪ ಜಾಸ್ತಿ ಸಿಗಬಹುದು. ಆ ಆಸೆ ಕಷ್ಟದ ಮನೆಯಲ್ಲಿ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಹಾಗೆ ಹೋದ ಹುಡುಗರಲ್ಲಿ ಮತ್ತೆ ಶಾಲೆಗೆ ಬಂದವರನ್ನು ನಾನು ಬಹಳ ಕಡಿಮೆ ನೋಡಿದ್ದೇನೆ. ಹಣದ್ದೇ ತೊಂದರೆ ಆದರೆ ಕಾರ್ಮಿಕ ಕಾರ್ಡು ಮಾಡಿಸಿ. 18ರಿಂದ 60 ವರ್ಷದವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅವರ ಮಕ್ಕಳಿಗೆ ಓದಿನ ಸಹಾಯಧನ ಇದೆ.

ನಗರದಲ್ಲೇ ಇದ್ದು, ಬಾಡಿಗೆ ಕಟ್ಟಲಾಗದೆ ಅಥವಾ ಶೆಡ್ ತೆರವಾಗಿ ಏರಿಯಾ ಬದಲಾಯಿಸುವವರಿಗೆ ಒಂದು ಮಾತು. ಹಳೆಯ ಶಾಲೆ ಒಂದೇ ಬಸ್ಸಿನ ದೂರದಲ್ಲಿದ್ದರೆ ಆ ವರ್ಷ ಮುಗಿಯುವ ತನಕ ಅಲ್ಲೇ ಇರಲಿ. ಮನೆ ಕಳೆದುಕೊಂಡ ಮಗುವಿಗೆ ಗೊತ್ತಿರುವ ಜಾಗ ಅಂತ ಉಳಿದಿರುವುದು ಆ ತರಗತಿ ಒಂದೇ.

ಶಾಲೆಯವರು ಬೇಡ ಅಂದರೆ

ಒಮ್ಮೆ ಮೂರು ಮಕ್ಕಳನ್ನು ಕರೆದುಕೊಂಡು ಒಂದು ಶಾಲೆಗೆ ಹೋಗಿದ್ದೆ. "ಇವರು ಮತ್ತೆ ಓಡಿ ಹೋಗ್ತಾರೆ, ನಮ್ಮ ಹಾಜರಾತಿ ಹಾಳಾಗುತ್ತೆ" ಎಂದರು. ಆ ದಿನ ನನಗೆ ಸಿಟ್ಟು ಬಂದು ಜೋರಾಗಿ ಮಾತಾಡಿದೆ. ಕೆಲಸ ಆಗಲಿಲ್ಲ, ಮಕ್ಕಳು ಹೆದರಿದರು. ಆಮೇಲೆ ಕಲಿತದ್ದು ಇದು. ಜಗಳ ಬೇಡ. "ಸೇರಿಸಿಕೊಳ್ಳುವುದಿಲ್ಲ ಅಂತ ಕಾರಣ ಸಮೇತ ಬರೆದುಕೊಡಿ ಸರ್" ಎಂದು ಮೆತ್ತಗೆ ಕೇಳಿ. ಬಹಳ ಸಲ ಅಲ್ಲಿಗೇ ಬಾಗಿಲು ತೆರೆಯುತ್ತದೆ. ತೆರೆಯದಿದ್ದರೆ ಆ ಭಾಗದ ಶಾಲೆಗಳನ್ನು ನೋಡಿಕೊಳ್ಳುವ ಇಲಾಖೆಯ ಸಿಆರ್‌ಪಿಗೆ ಫೋನ್ ಮಾಡಿ, ಆಮೇಲೆ ಬಿಇಒಗೆ ಲಿಖಿತ ಅರ್ಜಿ ಕೊಡಿ. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ದೂರು ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು. ಅದೂ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ. ಮಗು ಅಪಾಯದಲ್ಲಿದೆ, ದುಡಿಮೆಗೆ ಹಚ್ಚಿದ್ದಾರೆ, ಮದುವೆ ಮಾಡುತ್ತಿದ್ದಾರೆ ಎಂದಾದರೆ ಕಾಯಬೇಡಿ, 1098ಕ್ಕೆ ಕರೆ ಮಾಡಿ.

ಯುಗಾದಿಗೆ ವಾಪಸ್ ಬರುವಾಗ ಮಾಡಬೇಕಾದ ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಅಲ್ಲಿನ ಶಾಲೆಯಿಂದ ಟಿಸಿ ತನ್ನಿ. ಎಷ್ಟು ದಿನ ಬಂದಿದ್ದಾನೆ, ಎಲ್ಲಿಯವರೆಗೆ ಕಲಿತಿದ್ದಾನೆ ಎಂದು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಊರಿಗೆ ಬಂದ ವಾರದಲ್ಲೇ ಅದನ್ನು ಹಳೆಯ ಟೀಚರ್ ಕೈಗೆ ಕೊಟ್ಟು, ಮಗುವಿನ ಹೆಸರು ಹಾಜರಿ ಪುಸ್ತಕಕ್ಕೆ ಮರಳಿ ಬಂತಾ ಎಂದು ನೀವೇ ಕಣ್ಣಾರೆ ನೋಡಿ. ಓದಲು ಬಾರದಿದ್ದರೆ ಮಗುವಿಗೇ ತೋರಿಸಿ. ಅದು ತನ್ನ ಹೆಸರನ್ನು ಓದಿ ಹೇಳುತ್ತದೆ.